ಹೊರಡುವಾಗ ಕರೆಯದ ಹೆಸರು

ಕಾಡಂಚಿನ ಆ ಮುದಿ ಓಕ್ ಮರದ ಕೆಳಗೇ ಹಾದು ಮನೆಗೆ ಹೋಗಬೇಕಲ್ಲವೇ ನೀವು? ಹಾಗಾದರೆ ಇದನ್ನು ಕೇಳಿಕೊಂಡೇ ಹೋಗಿ. ನಾನು ಸುಳ್ಳುಗಾರ ಅಂತ ಜಾರ್ಜಿಯಾ ತೀರದ ಈ ದ್ವೀಪಕ್ಕೆಲ್ಲ ಗೊತ್ತು. ಪಾದ್ರಿಗಳ ದೋಣಿಯನ್ನು ಮೊಸಳೆ ಎಳೆದುಕೊಂಡು ಹೋಯಿತು ಎಂದು ಹಬ್ಬಿಸಿದವನೂ ನಾನೇ. ಆದರೆ ಇದು ನನ್ನ ಚಿಕ್ಕಪ್ಪನ ಮಗಳು ವರ್ನೆಲ್‌ಗೆ ಆದದ್ದು... ನಾನು ಆಗ ಅವರ ಮನೆಯಲ್ಲೇ ಇದ್ದೆ.

ನಮ್ಮವರ ಗೋರಿಗಳಿರುವ ಕಡಲಂಚಿನ ಕಾಡು ಈಗ ರಕ್ಷಿತಾರಣ್ಯ. ಸೂರ್ಯ ಮುಳುಗಿದರೆ ಗೇಟು ಬಂದ್. ಅಮ್ಮನ ಗೋರಿ ನೋಡಲು ವರ್ನೆಲ್ ತಂಗಿಯನ್ನು ಕರೆದುಕೊಂಡು ಹೋಗಿದ್ದಳು. ತಂಗಿಗೆ ಚರ್ಚಿನಲ್ಲಿಟ್ಟ ಹೆಸರು ಆರ್ಲೀತಾ. ಮನೆಯವರು ಕರೆಯುವ ಬುಟ್ಟಿ ಹೆಸರು ಮಿನ್ನಾ. ಕಾಡಿನಿಂದ ಹೊರಡುವಾಗ ಜೊತೆಗಿದ್ದವರನ್ನು ಬುಟ್ಟಿ ಹೆಸರು ಹಿಡಿದು ಗಟ್ಟಿಯಾಗಿ ಕರೆಯಬೇಕು, ಗೊತ್ತಲ್ಲ? ಇಲ್ಲದಿದ್ದರೆ ಮೈ ಮಾತ್ರ ಬರುತ್ತದೆ... ಜೀವ ಅಲ್ಲೇ ಉಳಿಯುತ್ತದೆ.

ಗೋರಿಯ ಮುಂದೆಯೇ ಜಗಳ ಹತ್ತಿತಂತೆ.

"ಅಮ್ಮ ಹಾಸಿಗೆ ಹಿಡಿದಾಗ ಎಲ್ಲಿಗೆ ಹೋಗಿದ್ದೆ? ಈಗ ಹೂ ಹಿಡ್ಕೊಂಡು ಬಂದ್ಬಿಟ್ಲು ಮಹಾರಾಣಿ!" ಅಂದಳು ಮಿನ್ನಾ.

ತಪ್ಪು ವರ್ನೆಲ್‌ಳದೇ. ಅದಕ್ಕೇ ಸಿಟ್ಟು ನೆತ್ತಿಗೇರಿತು.

"ಅಷ್ಟು ಪ್ರೀತಿ ಇದ್ರೆ ನೀನೂ ಅಮ್ಮನ ಜೊತೆ ಇಲ್ಲೇ ಇರು!" ಅಂದವಳೇ ಹೆಸರು ಕರೆಯದೆ ದಡದಡ ನಡೆದಳು. ಹಿಂದೆ ಸಿಂಪಿ ಚಿಪ್ಪು ಹಾಸಿದ ದಾರಿಯ ಮೇಲೆ ತಂಗಿಯ ಹೆಜ್ಜೆ... ಚರಕ್... ಚರಕ್...

ನಾನು ಅವರ ಮನೆಯಲ್ಲಿ ಬೇಯಿಸಿದ ಸೀಗಡಿ ಸುಲಿಯುತ್ತ ಕೂತಿದ್ದೆ. ಸುಲಿದದ್ದು ಪಾತ್ರೆಗೆ ಸೇರಿತೇ ಅಂತ ಕೇಳಬೇಡಿ. ಮಿನ್ನಾ ಬಂದು ಒಲೆಯ ಮುಂದೆ ನಿಂತಳು. ಅನ್ನ ಕೊತಕೊತ ಕುದಿದು ಉಕ್ಕಿತು. ಗಂಜಿ ಅವಳ ಕೈ ಮೇಲೆ ಸುರಿಯಿತು. ಚುಂಯ್... ಅವಳು ಕೈ ತೆಗೆಯಲಿಲ್ಲ. ರೆಪ್ಪೆಯೂ ಮಿಟುಕಲಿಲ್ಲ.

"ಏ ಮಿನ್ನಾ, ಕೈ ಬೇಯಿಸ್ಕೊಂಡು ತಿಂತೀಯೇನೇ?" ಅಂತ ಎಳೆದೆ. ಕೈ ಐಸಿನ ಹಾಗಿತ್ತು.

ವರ್ನೆಲ್ ಬಾಗಿಲು ಹಿಡಿದುಕೊಂಡಳು. "ನಾನು ಕರೀಲಿಲ್ಲ..." ಎಂದು ಪಿಸುಗುಟ್ಟಿದಳು. "ಇಲ್ಲೇ ಇರು ಅಂದ್ಬಿಟ್ಟೆ."

ಓಡಿದಳು. ಗೇಟಿನವನು ಬೀಗ ಹಿಡಿದು ನಿಂತಿದ್ದನಂತೆ. ಹೊರಗಿನವನು, ಪಾಪ.

"ಟೈಮ್ ಆಯ್ತಮ್ಮಾ."

"ಒಂದು ಬಿಟ್ಟು ಬಂದಿದೀನಪ್ಪಾ."

"ಬೇಗ ತಗೊಂಡು ಬನ್ನಿ. ಕಾಡಿನದು ಒಂದು ಚಿಪ್ಪೂ ತರೋ ಹಾಗಿಲ್ಲ, ನೆನಪಿರಲಿ."

ಗೋರಿಯ ಹತ್ತಿರ ಗಾಳಿ ಇರಲಿಲ್ಲ. ಆದರೂ ತಾಳೆ ಗರಿಗಳು ಪರಪರ ಅನ್ನುತ್ತಿದ್ದವು. ವರ್ನೆಲ್ ಅಳುತ್ತ ಕೂಗಿದಳು: "ಮಿನ್ನಾ, ತಪ್ಪಾಯ್ತು ಕಣೇ! ಬಾ... ಮನೆಗೆ ಹೋಗೋಣ."

ಇತ್ತ ಮನೆಯಲ್ಲಿ ಮಿನ್ನಾ ಥಟ್ಟನೆ "ಅಯ್ಯೋ, ಕೈ!" ಎಂದು ಕಿರುಚಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ತಾ ಕೂತಿದ್ದೀಯಲ್ಲೋ, ಹೊಟ್ಟೆಬಾಕ!" ಅಂದಳು. ಬೈಗುಳ ಕೇಳಿ ಅಷ್ಟು ಖುಷಿಯಾದದ್ದು ಅದೇ ಮೊದಲು.

ವರ್ನೆಲ್ ಏದುಸಿರು ಬಿಡುತ್ತ ಬಂದು ಹೊಸ್ತಿಲಲ್ಲೇ ನಿಂತಳು.

"ಮಿನ್ನಾ?"

"ಹೂಂ," ಅಂದಳು ತಂಗಿ, ಅಡುಗೆಮನೆಯಿಂದ.

"ಹೂಂ..." ಅಂತ ಒಳಕೋಣೆಯಿಂದಲೂ ಬಂತು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರಮ್ಮನ ಬುಟ್ಟಿ ಹೆಸರೂ ಮಿನ್ನಾ. ಮಗಳಿಗೂ ಅದನ್ನೇ ಇಟ್ಟಿದ್ದರು. ಕಾಡಿನಲ್ಲಿ ಕರೆಯುವಾಗ 'ಚಿಕ್ಕ ಮಿನ್ನಾ' ಅನ್ನಬೇಕಿತ್ತು. ಗಾಬರಿಯಲ್ಲಿ ವರ್ನೆಲ್ ಮರೆತಿದ್ದಳು.

ಅಮ್ಮ ಹಾಸಿಗೆ ಹಿಡಿದು ಮಲಗಿದ್ದ ಆ ಕೋಣೆಯಲ್ಲಿ ಈಗ ಯಾರೂ ಮಲಗುವುದಿಲ್ಲ. ಆದರೂ ಬೆಳಗಾದರೆ ಅಲ್ಲಿನ ದುಪ್ಪಟಿ ಒದ್ದೆಯಾಗಿರುತ್ತದೆ. ವರ್ನೆಲ್ ಅದನ್ನು ತಂಗಿಗೆ ಮುಟ್ಟಲು ಬಿಡುವುದಿಲ್ಲ. ದಿನವೂ ತಾನೇ ಒಗೆಯುತ್ತಾಳೆ. ಇದೂ ಸುಳ್ಳು ಅಂತೀರಾ? ನಾಳೆ ಬೆಳಗ್ಗೆ ಅವರ ಹಿತ್ತಲ ತಂತಿ ನೋಡಿ. ಬೇರೆ ಬಟ್ಟೆ ಇರುವುದಿಲ್ಲ... ಆ ದುಪ್ಪಟಿ ಒಂದೇ ಒಣಗುತ್ತಿರುತ್ತದೆ.