ಕಟ್ಟೆಯಿಂದ ತಿರುಗಿದ ನೀರು

ನೋಡಿ, ಶ್ರೀಮಂತನೊಬ್ಬನಿಗೆ ಕಲ್ಲಿನ ಮನೆಯಿತ್ತು, ಅದರ ಕೆಳಗೊಂದು ನೆಲಮನೆ. ಗಾಳಿ ಸೋಕದ ಜಾಗವೆಂದು ಆ ಮನೆಯ ಹೆಣ್ಣುಮಕ್ಕಳ ಬಾಣಂತನವೆಲ್ಲ ಅಲ್ಲೇ. ಈಗ ಬಸುರಿ ಮಗಳಿಗೆ ಏಳು ತಿಂಗಳು. ಗಂಡ ಹೆಂಡತಿ ಕರೆತರಲು ಹೋದರೆ ಬೀಗತಿ ಬಾಗಿಲಲ್ಲೇ ಅಂದಳು:

"ನಿಮ್ಮ ನೆಲಮನ್ಯಾಗ ಕಪ್ಪಿ ಒದರ್ತಾವಂತ. ಬಾಣಂತನ ಮಾಡ್ತೀರೋ, ಭತ್ತ ಹಚ್ತೀರೋ? ನೆಲ ಒಣಗಲಿ, ಕಳಿಸ್ತೀನಿ."

ಮಾತು ಚುಚ್ಚಿತು. ಆದರೆ ಸುಳ್ಳಲ್ಲ. ಎರಡು ಮಳೆಗಾಲದಿಂದ ಅಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಶ್ರೀಮಂತ ಏನು ಮಾಡಿದ್ದ? ಒಳಗೋಡೆಗೆ ಸಿಮೆಂಟು ಮೆತ್ತಿಸಿದ್ದ. ಮತ್ತೆ ಬಂತು. ಇನ್ನೊಮ್ಮೆ ಮೆತ್ತಿಸಿದ್ದ. ಮತ್ತೆ ಬಂತು. ಕೊನೆಗೆ "ಗಂಗವ್ವ ತಾನಾಗೇ ಬಂದಾಳ" ಎಂದು ಮೂಲೆಗೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದಿದ್ದ.

ನೀರು ಬಳಿಯುವವಳು ಮಾತ್ರ ಹೆಂಡತಿ. "ನಿಮ್ಮ ಗಂಗವ್ವನ್ನ ಬಕೇಟಿಗೆ ತುಂಬಿ ತುಂಬಿ ನನ್ನ ನಡಾ ಬಿತ್ತು" ಎಂದವಳು ತಾನೇ ಹೋಗಿ ಮನೆ ಕಟ್ಟುವ ಮುದಿ ಗೌಂಡಿಯನ್ನು ಕರೆತಂದಳು.

ಗೌಂಡಿ ನೆಲಮನೆಗೆ ಇಳಿಯಲೇ ಇಲ್ಲ. ಅಂಗಳದ ಅಂಚಿನಲ್ಲಿ ಒಂದು ಕೊಡ ನೀರು ಸುರಿದ. ಬೀದಿಗೆ ಹೋಗಲು ಅಲ್ಲಿನ ಕೂರುವ ಕಟ್ಟೆ ಅಡ್ಡ. ನೀರು ತಿರುಗಿ ಓಡಿ ಮನೆಯ ಗೋಡೆಯ ಬುಡದಲ್ಲಿ ಇಂಗಿತು. ಶ್ರೀಮಂತ ಮಣ್ಣು ಏರಿಸಿ ಆ ಕಟ್ಟೆ ಕಟ್ಟಿಸಿ ಎರಡೇ ವರ್ಷವಾಗಿತ್ತು.

"ಕಟ್ಟಿ ಒಡೀಬೇಕ್ರಿ ಸಾವ್ಕಾರ್ರ."

"ಏಯ್, ಅದರ ಮ್ಯಾಲ ಊರ ಹಿರೇರು ಕುಂದರ್ತಾರ!"

"ಕುಂದರ್ಲಿ. ಅವರ ಕಾಲಬುಡಕ ನಿಮ್ಮ ಮಗಳ ಹಾಸಿಗಿ ತೊಯ್ತದ."

ಶ್ರೀಮಂತ ಇನ್ನೊಂದು ಕೊಡ ಸುರಿದು ನೋಡಿದ, ಅದೂ ಗೋಡೆಯತ್ತಲೇ ಓಡಿತು. ಆಮೇಲೆ ಮೊದಲ ಕಲ್ಲನ್ನು ತಾನೇ ಕಿತ್ತ. ಗೋಡೆಯ ಬುಡಕ್ಕೆ ಮಣ್ಣು ಬಡಿದು ಅಂಗಳವನ್ನು ಬೀದಿಯತ್ತ ಇಳಿಜಾರು ಮಾಡಿದರು. ಮಾಳಿಗೆಯ ನೀರು ಬೀಳುವಲ್ಲಿ ಕಲ್ಲಿನ ಕಾಲುವೆ ಹಾಕಿ ಬೀದಿಯ ಗಟಾರಕ್ಕೆ ಕೂಡಿಸಿದರು. ಅಷ್ಟೇ.

ಮೂರು ದಿನ ಮಳೆ ಹೊಡೆಯಿತು. ನಾಲ್ಕನೆಯ ದಿನ ಬೀಗತಿಯೇ ಬಂದಳು. ನೆಲಮನೆಗೆ ಇಳಿದು ನೆಲಕ್ಕೆ ಅಂಗೈ ಊರಿದಳು. ಅಂಗೈ ನೋಡಿಕೊಂಡಳು.

"ಮತ್ತ ತಡಾ ಯಾಕ? ಹಾಸಿಗಿ ಹಾಸ್ರಿ. ಹೊರಗ ಟಂಟಂ ಗಾಡ್ಯಾಗ ಕುಂತಾಳ ನಿಮ್ಮ ಮಗಳು."

ಹೆಂಡತಿ ನೀರು ಬಳಿಯುವ ಬಕೇಟನ್ನು ಬದಿಗಿಟ್ಟು ಹಾಸಿಗೆ ಬಿಚ್ಚಿದಳು.

ನೀರನ್ನು ಬೈಯಬೇಡಿ. ಪೂಜಿಸಿ ಸುಮ್ಮನಾಗಲೂ ಬೇಡಿ. ನಾವು ತೋರಿಸಿದ ಕಡೆಗೇ ಅದು ಹೋಗುತ್ತದೆ. ನಾಲ್ಕು ಜನ ನೋಡಲೆಂದು ನಾವು ಹೊರಗೆ ಕಟ್ಟಿರುವುದೇನು? ಅದು ಒಳಗೆ ಯಾರ ಹಾಸಿಗೆ ತೋಯಿಸುತ್ತಿದೆ? ಇವತ್ತು ಮನೆಗೆ ಹೋಗಿ ಅಂಗಳದಲ್ಲಿ ಒಂದು ಕೊಡ ನೀರು ಸುರಿಯಿರಿ. ಗೋಡೆಯತ್ತ ಬಂದರೆ ಗುದ್ದಲಿ ಹಿಡಿಯಿರಿ. ಒಳಗಿರುವವರು 'ಥಂಡಿ ಅದ' ಎಂದರೆ 'ಹೊಂದ್ಕೋ' ಎನ್ನಬೇಡಿ. ಎದ್ದು ಹೊರಗೆ ಬಂದು ನೋಡಿ. ಒಡೆಯಬೇಕಾದದ್ದು ನಿಮ್ಮದೇ ಕಟ್ಟೆಯಾದರೆ, ಮೊದಲ ಕಲ್ಲು ನಿಮ್ಮ ಕೈಯಿಂದಲೇ ಬರಲಿ.