ಹರಿಪ್ರಿಯಾ ಬಾರದ ಭಾನುವಾರ

ಮಣಿಪಾಲದಿಂದ ಹೊರಟ ಬಸ್ಸಿನಲ್ಲಿ ಭುಜಂಗ ಶೆಟ್ಟರ ಮುಂದೆ ಕೂತ ಇಬ್ಬರು ನರ್ಸುಗಳು ಘಟ್ಟದ ಬುಡದ ಮಲೆಕುಡಿಯ ಬುಡಕಟ್ಟಿನ ಮಕ್ಕಳ ಆರೋಗ್ಯ ಶಿಬಿರದ ಮಾತಾಡುತ್ತಿದ್ದರು. ಶೆಟ್ಟರ ನಿದ್ದೆ ಹಾರಿಹೋಯಿತು.

"ಶಿಬಿರ ಬರುವ ಭಾನುವಾರವೇ ಇಡುವ, ವನಜಾಕ್ಷಕ್ಕ."

"ಅವತ್ತು ನಮ್ಮ ಜೊತೆಯ ನರ್ಸ್ ಹರಿಪ್ರಿಯಾಳ ತಂಗಿಯ ಸೀಮಂತ ಅಲ್ವಾ, ಮೋಹಿನಿ? ಅವಳು ಬರುವುದಿಲ್ಲವಲ್ಲ."

"ಅದಕ್ಕೇ ಹೇಳಿದ್ದು. ರಾಗಿ ಗಂಜಿ ಕಾಯಿಸುವುದು ನಾನು, ಮಕ್ಕಳು ಕುಡಿಯುವುದು ಅವಳ ಕೈಯಿಂದ. ತೂಕಕ್ಕೆ ನಾನು ಎತ್ತಿದರೆ ಬೊಬ್ಬೆ, ಅವಳು ಎತ್ತಿದರೆ ನಗು!"

"ಹಾಗಾದರೆ ಕೇಳು. ಆ ದಿನವೇ ಇಡಿ ಅಂತ ಹರಿಪ್ರಿಯಾಳೇ ಹೇಳಿದ್ದಾಳೆ."

"ಅವಳಾ? ಯಾಕಂತೆ?"

"ತಾನಿದ್ದರೆ ಮಕ್ಕಳು ನಿನ್ನ ಹತ್ತಿರ ಬರುವುದಿಲ್ಲ, ಒಂದು ಸಲ ನೀನೇ ನೋಡಿಕೊಳ್ಳಬೇಕಂತೆ."

ಕಾರ್ಕಳ ಬಂತು. ಮೋಹಿನಿ ಚೀಲ ಹೆಗಲಿಗೇರಿಸಿ ಎದ್ದಳು.

"ನೋಡಿ, ಕೊನೆಗೆ ಆ ಮಕ್ಕಳನ್ನು ನನಗೆ ಬಿಟ್ಟುಕೊಡುವುದೂ ಅವಳೇ!" ಎನ್ನುತ್ತಾ ದಡದಡ ಇಳಿದುಹೋದಳು.