ಎಲ್ಲಾ ತಾಲ್ಲೂಕಿಗೂ ಒಬ್ನೇ ಗಂಡು

...ಅಯ್ಯೋ, ಪರದೆ ಮ್ಯಾಲೆ ಬೆರಳು ಒತ್ಬ್ಯಾಡಿ ಗೌಡ್ರೇ! ಅದು ಬರೀ ನೋಡಾಕೆ. ಒತ್ತಾದು ಇಲ್ಲಿ, ಈ ಮೌಸಲ್ಲಿ. ಇಂಗೆ... ಮೆಲ್ಲಗೆ. ರೇಷ್ಮೆಗೂಡು ಹಿಡ್ದಂಗೆ ಹಿಡ್ಕಳಿ. ಆಂ, ಅಷ್ಟೇಯ.

ನೋಡಿ, ಮರಿಯಪ್ನೋರ ವಧುವರ ಕೇಂದ್ರದಲ್ಲಿ ಮದ್ಲು ಏನಿತ್ತು? ಒಂದು ರಿಜಿಸ್ಟ್ರು, ನಾಕು ಕಟ್ಟು ಫೋಟೋ. ಅದ್ನೆಲ್ಲಾ ವೆಬ್‌ಸೈಟಿಗೆ ಹಾಕ್ಕೊಟ್ಟೋನು ನಾನೇ, ಈ ಅಶ್ವಥ್. ಈ ಫಾರಮ್ಮು ಪೂರಾ ನಂದೇ ಕೈಕೆಲ್ಸ. ಮೂರು ತಿಂಗ್ಳು ತಕಂತು! ಕೂಟಗಲ್ ಕೆಂಪಯ್ನೋರು ನೀವು, ಮಗ್ಳಿಗೆ ಗಂಡು ನೋಡಾಕೆ ನನ್ ಕಂಪ್ಯೂಟರ್ ಅಂಗ್ಡಿ ಮೆಟ್ಲು ಹತ್ತಿ ಬಂದಿದ್ದೀರಿ ಅಂದ್ರೆ ಅದು ನನ್ ಪುಣ್ಯ. ಯಾಕ್ ನಗ್ತೀರಿ? ನಿಜವಾಗ್ಲೂ ಪುಣ್ಯ.

ಸರಿ. ಹೆಣ್ಣಿನ ಹೆಸ್ರು ಸೌಮ್ಯ... ನಾನೇ ಹೊಡ್ದ್ಬುಟ್ಟೆ. ಆರು ತಿಂಗ್ಳಿಂದ ನಮ್ಮಲ್ಲೇ ಕಂಪ್ಯೂಟರ್ ಕೋರ್ಸು ಕಲೀತೈತಲ್ಲ ನಿಮ್ ಹುಡ್ಗಿ, ಹೆಸ್ರು ಗೊತ್ತಿರಾಕಿಲ್ವಾ! ಅಗೋ, ಆಚೆ ಬೆಂಚಲ್ಲಿ ಕುಂತೈತೆ. ವಯಸ್ಸು ಇಪ್ಪತ್ತೆರಡು, ಹುಟ್ಟಿದ್ದು ಮಂಗ್ಳಾರ ಬೆಳಿಗ್ಗೆ ಆರೂಕಾಲು... ಆಂ? ಇಲ್ಲ, ಅದು... ಕೋರ್ಸಿನ ಫಾರಮ್ಮಲ್ಲಿತ್ತು. ಅಲ್ಲಿ ಗಂಟೆನೂ ಕೇಳ್ತೀವಿ ಗೌಡ್ರೇ. ಈಗೆಲ್ಲಾ ಅಂಗೇಯ.

ಈಗ ಒಡಹುಟ್ಟಿದೋರು. ಒಂದೇ ಸಾಲು ಐತೆ ಅಂತ ಗಾಬ್ರಿ ಬ್ಯಾಡ. ಕೆಳಗಡೆ ‘ಸೇರಿಸು’ ಅಂತ ಬಟನ್ ಐತಲ್ಲಾ, ಒಂದ್ಸಲ ಒತ್ತುದ್ರೆ ಇನ್ನೊಂದು ಸಾಲು. ಒತ್ತಿ. ಬಂತಾ! ಇನ್ನೊಂದ್ಸಲ... ಬಂತಾ! ಸಾಕು. ಸಾಕು ಗೌಡ್ರೇ! ಹದಿನಾಕು ಆಯ್ತು! ಸೌಮ್ಯಂಗೆ ಇರಾದು ಒಬ್ನೇ ತಮ್ಮ ಅಲ್ವಾ? ...ಮಜವಾಗೈತಾ? ಸರಿ, ಒತ್ಕಳಿ. ಮಿಕ್ಕಿದ್ ಸಾಲೆಲ್ಲಾ ಆಮ್ಯಾಕೆ ನಾನ್ ಅಳಿಸ್ಕತೀನಿ.

ಇದ್ರ ಅಸ್ಲಿ ಕರಾಮತ್ತು ಇಲ್ಲೈತೆ ನೋಡಿ. ನಮ್ ರಾಮನಗರ ಹೊಸ ಜಿಲ್ಲೆ ಆಗಿ ಇನ್ನೂ ಮೂರು ತಿಂಗ್ಳಾಗಿಲ್ಲ, ಇಲ್ಲಿ ಆಗ್ಲೇ ಬಂದ್ಬುಟ್ಟೈತೆ! ಜಿಲ್ಲೆ ಒತ್ತುದ್ರೆ ಅದ್ರ ತಾಲ್ಲೂಕು ಮಾತ್ರ ಬಿಚ್ಕತಾವೆ, ತಾಲ್ಲೂಕು ಒತ್ತುದ್ರೆ ಅದ್ರ ಹೋಬ್ಳಿ. ಚನ್ನಪಟ್ಣ ಒತ್ಬುಟ್ಟು ಕೂಟಗಲ್ ಹುಡುಕುದ್ರೆ, ತಲೆಕೆಳಗಾದ್ರೂ ಸಿಕ್ಕಾಕಿಲ್ಲ. ಮನೆದೇವ್ರೂ ಅಂಗೇಯ. ನೀವು ತಿಮ್ಮಪ್ಪ ಅಂತ ಹಾಕುದ್ರೆ, ತಿಮ್ಮಪ್ಪನ ಒಕ್ಲು ಗಂಡುಗಳೆಲ್ಲಾ ಪಟ್ಟಿಯಿಂದ ತಾವೇ ಎದ್ದೋಯ್ತಾವೆ. ಒಂದೇ ಮನೆದೇವ್ರು ಅಂದ್ರೆ ಅಣ್ತಮ್ಮಿಕೆ, ಹೆಣ್ ಕೊಡಂಗಿಲ್ಲ. ಅದು ನಂಗೊತ್ತಿಲ್ವಾ? ಕಂಪ್ಯೂಟ್ರಿಗೂ ಹೇಳ್ಕೊಟ್ಟಿವ್ನಿ.

ಸರಿ... ಹೆಣ್ಣಿನ ತಾಲ್ಲೂಕು ರಾಮನಗರ, ಹೋಬ್ಳಿ ಕೂಟಗಲ್, ಮನೆದೇವ್ರು ತಿಮ್ಮಪ್ಪ. ಒತ್ತಿ. ಬಂತು ನೋಡಿ! ಒಂದೇ ಹೆಸ್ರು. ಓದ್ಲಾ? ‘ಅಶ್ವಥ್. ಊರು ತಿಪ್ಪಸಂದ್ರ. ಸ್ವಂತ ಅಂಗಡಿ. ಕುಡಿಯಲ್ಲ, ಸೇದಲ್ಲ. ಮಾವನ ಮಾತು ಮೀರಲ್ಲ’... ಆಂ? ಮಾವನ... ಇರ್ಲಿ. ಅಯ್ಯಯ್ಯೋ, ಇದ್ಯಾರಪ್ಪಾ, ನಾನೇಯ! ಏನ್ ಕಾಲ ಬಂತು ಅಂತೀನಿ! ನಾನೇನ್ ಮಾಡ್ಲಿ ಗೌಡ್ರೇ, ಕಂಪ್ಯೂಟ್ರು ಎಲ್ಲಾ ತೂಗಿ ಅಳ್ದು ಹೇಳೈತೆ. ಅದ್ಕೆ ನಾನ್ಯಾರೋ, ನೀವ್ಯಾರೋ.

ಯಾಕಂಗ್ ನೋಡ್ತೀರಿ? ಬ್ಯಾರೆ ತಾಲ್ಲೂಕು ಒತ್ತಿ ನೋಡ್ತೀರಾ? ಯಾಕ್ ಬುಡಿ, ಕರೆಂಟ್ ಹೋಗೋ ಹೊತ್ತು... ಒತ್ತೇ ಬುಟ್ರಾ. ಕನಕಪುರ... ಅಶ್ವಥ್. ಹೆ ಹೆ. ಮಾಗಡಿ... ಅಶ್ವಥ್. ಚನ್ನಪಟ್ಣ... ಒಸಿ ತಡೀರಿ, ಇದು ಇಂಗ್ ಬರ್ಬಾರ್ದು. ನಿಜವಾಗ್ಲೂ ಬರ್ಬಾರ್ದು ಗೌಡ್ರೇ!

ಆಂ? ಹೆಣ್ಣಿನ ಹೆಸ್ರು ಬದ್ಲಾಯಿಸ್ಬೇಕಾ? ಸರಿ, ಹೇಳಿ, ಹೊಡೀತೀನಿ. ಮುನಿಯಮ್ಮ. ವಯಸ್ಸು... ಎಪ್ಪತ್ತೆಂಟಾ? ಗೌಡ್ರೇ, ಅದು ನಿಮ್ಮವ್ವ ಅಲ್ವಾ! ಬ್ಯಾಡಿ, ಒತ್ಬ್ಯಾಡಿ, ಪಾಪ ಮುದ್ಕಿ...

ಬಂತು. ಅಶ್ವಥ್, ತಿಪ್ಪಸಂದ್ರ. ನಿಮ್ಮವ್ವಂಗೂ ನಾನೇ ಗಂಡು.

ಗೌಡ್ರೇ... ಏನಾರ ಅನ್ನಿ. ಬೈಯಿರಿ, ಎರಡೇಟು ಹಾಕಿ... ಸರಿ. ಒಪ್ಕತೀನಿ. ನಾನೇ ಮಾಡಿದ್ದು. ಮಿಕ್ಕ ಗಂಡುಗಳ್ನೆಲ್ಲಾ ಎಬ್ಸಿ ಕಳ್ಸಿ ನನ್ ಹೆಸ್ರು ಕೂರ್ಸ್ದೋನು ನಾನೇ. ನಿಮ್ ಮಗ್ಳು ಅಂದ್ರೆ ನಂಗೆ ಪ್ರಾಣ ಗೌಡ್ರೇ. ನಿಮ್ಮೆದ್ರು ನಿಂತು ಕೇಳಾಕೆ ಧೈರ್ಯ ಸಾಲ್ದೆ ಈ ಫಾರಮ್ಮಿನ ಹಿಂದೆ ಅವಿತ್ಕಂಡೆ. ಹುಡ್ಗೀದೇನೂ ತಪ್ಪಿಲ್ಲ. ಅದ್ಕೆ ಇದ್ಯಾವ್ದೂ ಗೊತ್ತೇ ಇಲ್ಲ, ನಮ್ಮವ್ವನಾಣೆ! ಅದೂ ನಾನು ಹಾಕಿದ್ದು ಕೂಟಗಲ್ ಹೋಬ್ಳಿ ಒಂದಕ್ಕೇಯ, ಬ್ಯಾರೆ ಎಲ್ಲೂ...

...ಅಲ್ಲಾ. ಕೂಟಗಲ್ ಒಂದಕ್ಕೇ ತಾನೆ ನಾನು ಹಾಕಿದ್ದು? ಕನಕಪುರಕ್ಕೆ ಯಾರ್ ಹಾಕುದ್ರು? ಮಾಗಡಿಗೆ? ‘ಮಾವನ ಮಾತು ಮೀರಲ್ಲ’ ಅಂತ... ಅದೂ ನಾನ್ ಬರ್ದಿದ್ದಲ್ಲ ಗೌಡ್ರೇ! ಇದ್ನ ಬಿಚ್ಚಿ ತಿದ್ದಾಕೆ ಈ ಅಂಗ್ಡಿಲಿ ಬರಾದು ನಂಗೆ, ಆಮ್ಯಾಕೆ ನಾನು ಕಲ್ಸಿದ...

ಯಾಕೆ ಗೌಡ್ರೇ ಬೆಂಚಿನ ಕಡೆ ನೋಡ್ತೀರಿ?

...ಅವ್ಳ್ಯಾಕೆ ವೇಲು ಬಾಯಿಗೆ ತುರ್ಕಂಡು ನಗ್ತಾವ್ಳೆ?

ಮತ್ತೆ ಪರದೆ ಮ್ಯಾಲೆ ಬೆರಳು ಮಡಗಿದ್ರಾ? ಏನು? ಅಲ್ಲಿ... ಮನೆದೇವ್ರು. ನಮ್ಮನೇದಾ? ಮುತ್ರಾಯ! ಮುತ್ರಾಯ ಸ್ವಾಮಿ ಗೌಡ್ರೇ! ತಿಮ್ಮಪ್ಪ ಅಲ್ಲ! ಬ್ಯಾರೆ ದೇವ್ರು! ಪೂರ್ತಿ ಬ್ಯಾರೆ! ...ಒತ್ತಿ ಗೌಡ್ರೇ, ಪರದೆ ಮ್ಯಾಲೇ ಒತ್ತಿ, ಒಡ್ದೋದ್ರೆ ಹೊಸದು ತತ್ತೀನಿ!